ಕಹಳೆಯ ಬಾಯಿಗೆ ಬೀಗ

ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ಕೇಂದ್ರವೊಂದು ಊರಿಗೆಲ್ಲ ಹಬ್ಬಿದ ಕಾಯಿಲೆಯ ಕಾಲದಲ್ಲಿ ಬಾಗಿಲು ಹಾಕಿಕೊಂಡಿತು. ಆಮೇಲೆ ಮೊಬೈಲಿನಲ್ಲಿ ತರಗತಿ ತೆರೆಯಿತು. ತೆರೆದ ದಿನವೇ ಅದು ಮಾಡಿದ ಮೊದಲ ಕೆಲಸ ಏನೆಂದರೆ ಎಲ್ಲರ ಬಾಯಿ ಮುಚ್ಚಿಸಿದ್ದು. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಕಣ್ಣಾರೆ ಕಾಣದೆ ಇದ್ದಿದ್ದರೆ ಕತ್ತರಿಯೂ ನಂಬುತ್ತಿರಲಿಲ್ಲ.

ಕತ್ತರಿ ಅಂದರೆ ಬೀದಿಯ ಕೊನೆಮನೆಯ ಹೊಲಿಗೆಯವಳು. ಆ ಹೆಸರು ಅವಳ ಕಸುಬಿಗೂ ಒಪ್ಪುತ್ತಿತ್ತು, ನಾಲಿಗೆಗೂ ಒಪ್ಪುತ್ತಿತ್ತು. ರವಿಕೆ ಬಿಗಿಯಾಯಿತು ಅಂತ ಯಾರಾದರೂ ದೂರಿಕೊಂಡು ಬಂದರೆ, "ಬಟ್ಟೆ ನಾನು ಹೊಲಿದದ್ದು, ಮೈ ನೀವು ಬೆಳೆಸಿದ್ದು" ಅಂದು ಮಿಷನ್ನಿನ ಕಡೆ ತಿರುಗಿಬಿಡುವವಳು. ಇಂಥವಳೂ ತಲೆ ತಗ್ಗಿಸಿ ನಿಲ್ಲುತ್ತಿದ್ದ ಒಂದೇ ಒಂದು ಜಾಗ ಅವಳ ಅಕ್ಕನ ಎದುರು.

ಅಕ್ಕ ತಳ್ಳುಗಾಡಿಯಲ್ಲಿ ತರಕಾರಿ ಮಾರಿ ತಂಗಿಯನ್ನು ಸಾಕಿದವಳು. ಮಾರುಕಟ್ಟೆಯಲ್ಲಿ ಅವಳ ಹೆಸರು ಕಹಳೆ. ಅವಳು ಈ ಬೀದಿಯಲ್ಲಿ ಬೀನ್ಸ್ ಅಂತ ಕೂಗಿದರೆ ಪಕ್ಕದ ಬೀದಿಯವರು ಚೀಲ ಹುಡುಕುತ್ತಿದ್ದರು. ಟೊಮೆಟೊ ಹಿಸುಕಿ ಹಿಸುಕಿ ನೋಡಿ ಕೊಳ್ಳದೆ ನಿಲ್ಲುವವರಿಗೆ ಅವಳದೊಂದು ಖಾಯಂ ಮಾತಿತ್ತು: "ತಗೋಳೋದಿದ್ರೆ ತಗೋ, ಇಲ್ಲಾಂದ್ರೆ ಜಾಗ ಬಿಡು." ಮನೆಗೆ ಬಂದರೆ ಉಳಿದ ಬೈಗುಳವೆಲ್ಲ ತಂಗಿಗೆ. ಸೋಂಬೇರಿ, ಮುಂಡಿ, ಮೂಗಿನ ತುದಿಗೆ ಸಿಟ್ಟು ಕಟ್ಟಿಕೊಂಡವಳು, ಯಾರಿಗೆ ಹುಟ್ಟಿದೆಯೋ ಏನೋ ಅಂತ ಒಂದೇ ತಾಯಿಗೆ ಹುಟ್ಟಿದವಳೇ ಬೈಯುತ್ತಿದ್ದಳು. ಬೈದು ಬೈದು ಬಡಿಸುತ್ತಿದ್ದಳು, ಬೈದು ಬೈದು ಹೊದಿಸುತ್ತಿದ್ದಳು. ಕತ್ತರಿಗೆ ಬುದ್ಧಿ ಬಂದಾಗಿನಿಂದ ಅಕ್ಕನ ಬೈಗುಳವಿಲ್ಲದೆ ಹೊತ್ತು ಮುಳುಗಿದ್ದಿಲ್ಲ.

ಹೀಗಿದ್ದ ಅಕ್ಕ ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಯಾರಿಗೋ ಬೈಯುತ್ತಿದ್ದಾಗಲೇ, ಬೈಗುಳದ ನಟ್ಟನಡುವೆ ನಿಂತುಬಿಟ್ಟಳು. ಬಾಯಿ ಒಂದು ಕಡೆ ಎಳೆಯಿತು, ಬಲಗೈ ಜೋತುಬಿತ್ತು. ಆಸ್ಪತ್ರೆಯಿಂದ ಬಂದಾಗ ಕಾಲು ಸ್ವಲ್ಪ ಉಳಿದಿತ್ತು, ಕೈ ಅರ್ಧ ಉಳಿದಿತ್ತು, ಮಾತು ಪೂರ್ತಿ ಹೋಗಿತ್ತು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಕಣ್ಣಿನಲ್ಲಿ ಉತ್ತರವೂ ಇರುತ್ತಿತ್ತು. ಬಾಯಿಗೆ ಬರುವಷ್ಟರಲ್ಲಿ ದಾರಿ ತಪ್ಪಿ "ಊಂ ಊಂ" ಆಗುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ. ಕತ್ತರಿ ತುತ್ತು ಕೊಟ್ಟರೆ ತಿನ್ನುವಳು, ಮೀಯಿಸಿದರೆ ಮೀಯುವಳು. ನೀರು ಸುಡುತ್ತಿದ್ದರೂ ಸುಮ್ಮನೆ ಹಲ್ಲು ಕಚ್ಚಿಕೊಳ್ಳುವಳು. ಆ ಹಲ್ಲು ಕಚ್ಚುವುದನ್ನು ಕಂಡರೆ ಕತ್ತರಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಯಾರೋ ಹೇಳಿದ್ದರಿಂದ ಆ ಕೇಂದ್ರಕ್ಕೆ ಸೇರಿಸಿದ್ದು. ಬಣ್ಣದಂಗಡಿಯ ಮೇಲಿನ ಮಹಡಿ. ಗೋಡೆಗೆಲ್ಲ ದಾನಿಗಳ ಫೋಟೋ. ಲಾಭಕ್ಕಲ್ಲ, ಸೇವೆಗೆ ನಡೆಸುವ ಸಂಸ್ಥೆ ಅಂತ ಬಾಗಿಲಲ್ಲೇ ಬರೆದಿತ್ತು. ಅದನ್ನು ನಡೆಸುವ ನಿರ್ದೇಶಕರು ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು ಎರಡನ್ನೂ ಒಟ್ಟಿಗೆ ತೊಟ್ಟುಕೊಂಡು ಬರುವ ಮನುಷ್ಯ. ಕತ್ತರಿ ಮೊದಲ ದಿನವೇ ಅವರಿಗೆ ನಾಜೂಕಯ್ಯ ಅಂತ ಹೆಸರಿಟ್ಟಳು. ಪಾಠ ಹೇಳುವವಳು ಒಬ್ಬ ಎಳೇ ಟೀಚರ್. ಗಟ್ಟಿಯಾಗಿ ಸೀನಿದರೆ ಹಾರಿಹೋಗುವ ಹತ್ತಿಯಂಥ ಹುಡುಗಿ. ಇವಳು ಮನೆಯ ಚಿತ್ರ ತೋರಿಸಿ "ಮನೆ ಅನ್ನಿ ಅಮ್ಮಾ" ಅನ್ನುವುದು, ಅಕ್ಕ "ಊಂ" ಅನ್ನುವುದು. ಚೆಂಡಿನ ಚಿತ್ರ ತೋರಿಸಿದರೂ ಊಂ, ಹಸುವಿಗೂ ಊಂ. ಹೀಗೇ ವಾರಗಟ್ಟಲೆ ನಡೆಯಿತು.

ಮಾತು ಬಂದದ್ದು ಚಿತ್ರದಿಂದಲ್ಲ, ಕುರ್ಚಿಯಿಂದ.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದ. ಅವನ ತಲೆಯಿಂದ ಸಕಲ ಮಾತೂ ಅಳಿಸಿಹೋಗಿ ಕೆಲಸದ ಎರಡು ಮಾತು ಮಾತ್ರ ಅಂಟಿಕೊಂಡಿದ್ದವು: "ಮುಂದೆ ಹೋಗಿ" ಮತ್ತು "ಚಿಲ್ಲರೆ ಕೊಡಿ". ಹಸಿವಾದರೂ ಚಿಲ್ಲರೆ ಕೊಡಿ, ಹೊಟ್ಟೆ ತುಂಬಿದರೂ ಚಿಲ್ಲರೆ ಕೊಡಿ. ಅಕ್ಕ ಕಿಟಕಿಯ ಪಕ್ಕದ ಒಂದು ಕುರ್ಚಿಯನ್ನು ತನ್ನದು ಅಂತ ಮಾಡಿಕೊಂಡಿದ್ದಳು. ಒಂದು ದಿನ ಅವಳು ಬರುವಷ್ಟರಲ್ಲಿ ಕಂಡಕ್ಟರ್ ಅದರಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಕ್ಕ ಎದುರು ನಿಂತಳು. ಅವನು ತಲೆಯೆತ್ತಿ ಗಂಭೀರವಾಗಿ, "ಮುಂದೆ ಹೋಗಿ" ಅಂದ.

"ಏಳೋ ಮೂಳ!"

ಕಹಳೆ! ಅದೇ ಗಂಟಲು, ಅದೇ ಏರು. ಕೆಳಗಿನ ಅಂಗಡಿಯವನೂ ಮೆಟ್ಟಿಲಿಗೆ ಬಂದು ಇಣುಕಿದ. ಕತ್ತರಿಯ ಕೈಯಲ್ಲಿದ್ದ ನೀರಿನ ಬಾಟಲಿ ಬಿದ್ದುಹೋಯಿತು. ಹತ್ತಿಯಂಥ ಟೀಚರ್ ಮಾತ್ರ ಹೆದರಲಿಲ್ಲ, ಚಪ್ಪಾಳೆ ತಟ್ಟಿದಳು.

"ಬೈಗುಳ, ಹಾಡು, ಎಣಿಕೆ, ಇವೆಲ್ಲ ತಲೆಯ ಬೇರೆ ಮೂಲೆಯಲ್ಲಿ ಇರ್ತಾವೆ ಅಕ್ಕಾ," ಅಂತ ಕತ್ತರಿಗೆ ಬಿಡಿಸಿ ಹೇಳಿದಳು. "ಮುಂಬಾಗಿಲು ಸುಟ್ಟುಹೋದ ಮನೆ ಅಂದ್ಕೊಳ್ಳಿ. ಹಿತ್ತಲ ಬಾಗಿಲು ತೆರೆದೇ ಇದೆ. ಉಳಿದ ಮಾತನ್ನೂ ಅಲ್ಲಿಂದಲೇ ಒಂದೊಂದಾಗಿ ಹೊರಗೆ ತರೋಣ."

ಅಲ್ಲಿಂದ ಜಗಳವೇ ಪಾಠವಾಯಿತು. ಟೀಚರ್ ಬೇಕೆಂದೇ ಕಂಡಕ್ಟರನ ಕೈಗೆ ನೀರಿನ ಬಾಟಲಿ ಕೊಡುವಳು. ಅವನು ಚಿಲ್ಲರೆ ಕೊಡದೆ ಅದನ್ನು ಬಿಡುವವನಲ್ಲ. ಅಕ್ಕ "ಕೊಡೋ ಮೂಳ" ಅನ್ನುವಳು. ಆಮೇಲೆ "ನೀರು ಕೊಡೋ ಮೂಳ". ಹೀಗೆ ನೀರು ಬಂತು. ಕುರ್ಚಿ ಬಂತು, ಚೀಲ ಬಂತು. ಮೂಳನ ಬೆನ್ನು ಹತ್ತಿಕೊಂಡು ಒಂದೊಂದೇ ಪದಾರ್ಥ ಮನೆ ಸೇರತೊಡಗಿತು. ಕಂಡಕ್ಟರನಿಗೂ ಖುಷಿಯೋ ಖುಷಿ. ಅಕ್ಕ ಬಾರದ ದಿನ ಅವನು ಬಾಯಿಯನ್ನೇ ತೆರೆಯುತ್ತಿರಲಿಲ್ಲವಂತೆ. ಟೀಚರ್ ಒಂದು ಎಚ್ಚರಿಕೆ ಮಾತ್ರ ಹೇಳಿದ್ದಳು: "ಮೊದಲ ವರ್ಷ ಬಂದದ್ದೇ ಬಂದದ್ದು ಅಕ್ಕಾ. ಬಂದದ್ದನ್ನ ಬಳಸ್ತಾ ಇರಬೇಕು. ಬಿಟ್ಟರೆ ಹೋಗಿಬಿಡುತ್ತೆ. ಮತ್ತೆ ನೀವು ಅವರ ಬದಲು ಮಾತಾಡಬೇಡಿ. ಅವರು ಹುಡುಕ್ತಾ ಇರುವಾಗ ನೀವು ಮುಗಿಸಿಬಿಡ್ತೀರಿ."

"ನಾನೆಲ್ಲಿ ಮುಗಿಸ್ತೀನಿ?" ಅಂತ ಕತ್ತರಿ ಆ ಹುಡುಗಿಯ ಮಾತನ್ನು ಅರ್ಧಕ್ಕೇ ಮುಗಿಸಿದ್ದಳು.

ಅಷ್ಟರಲ್ಲಿ ಕಾಯಿಲೆ ಬಂತು. ಊರಿಗೆ ಊರೇ ಕದ ಹಾಕಿಕೊಂಡಿತು. ಕೇಂದ್ರವೂ ಹಾಕಿಕೊಂಡಿತು, ಅದನ್ನು ತಪ್ಪು ಅನ್ನುವ ಹಾಗಿಲ್ಲ. ತಪ್ಪು ಶುರುವಾದದ್ದು ಅದು ಮತ್ತೆ ತೆರೆದಾಗ.

ಮೊದಲು ಒಂದು ಡಬ್ಬ ಬಂತು. 'ಸೇವೆ ನಿಂತಿಲ್ಲ, ರೂಪ ಬದಲಿಸಿದೆ' ಅಂತ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿತ್ತು. ಒಳಗೆ ಒಂದು ಪ್ಲಾಸ್ಟಿಕ್ ಚೆಂಡು, ಅಂಗೈಯಗಲದ ಕನ್ನಡಿ, ಕೈಗೆ ಹಚ್ಚುವ ದ್ರವದ ಸೀಸೆ, ನಗುವಿನ ಮಹತ್ವ ಸಾರುವ ಒಂದು ಚಿತ್ರಪಟ. ಜೊತೆಗೆ ಕೇಂದ್ರದ ಲಾಂಛನವಿದ್ದ ಒಂದು ಮಾಸ್ಕ್. ಕತ್ತರಿ ಮಾಸ್ಕನ್ನು ತಿರುವಿ ನೋಡಿದಳು. ಆ ದಿನಗಳಲ್ಲಿ ಅವಳೇ ಬೆಳಗಿನಿಂದ ಸಂಜೆಯವರೆಗೆ ಮಾಸ್ಕ್ ಹೊಲಿಯುತ್ತಿದ್ದಳು. ಇದರ ಲಾಂಛನ ಮಾತ್ರ ಗಟ್ಟಿ ಹೊಲಿಗೆ, ಕಿವಿಯ ದಾರ ಬರೀ ಅಂಟು. ಎಳೆದರೆ ಕೈಗೇ ಬಂತು. "ಮುಖ ಬಿಟ್ಟರೂ ಹೆಸರು ಬಿಡಲ್ಲ," ಅಂದು ಅದರಲ್ಲಿ ಮಿಷನ್ ಒರೆಸಿದಳು.

ಆಮೇಲೆ ಮೊಬೈಲ್ ತರಗತಿ. ಕತ್ತರಿ ಫೋನನ್ನು ದಾರದ ಉಂಡೆಗಳ ಡಬ್ಬಿಗೆ ಒರಗಿಸಿ ಅಕ್ಕನನ್ನು ಎದುರಿಗೆ ಕೂರಿಸಿದಳು. ತೆರೆಯ ತುಂಬ ಪುಟ್ಟ ಪುಟ್ಟ ಚೌಕಗಳು, ಚೌಕಕ್ಕೊಂದು ಮುಖ. ಒಂದರಲ್ಲಿ ಕಂಡಕ್ಟರ್. ಅವನನ್ನು ಕಂಡದ್ದೇ ಅಕ್ಕನ ಕುತ್ತಿಗೆ ನೆಟ್ಟಗಾಯಿತು. "ಏಳೋ!" ಅಂದಳು. ಅವನ ತುಟಿಯೂ ಅಲ್ಲಾಡಿತು. ಸದ್ದಿಲ್ಲ. ಅಕ್ಕ ಇನ್ನೂ ಗಟ್ಟಿಯಾಗಿ, "ಏಳೋ ಮೂಳ!" ಅಂದಳು. ಅವನು ಸುಮ್ಮನೆ ಪಿಳಿಪಿಳಿ ನೋಡಿದ. ಇನ್ನೊಂದು ಚೌಕದಲ್ಲಿ ಮಗ್ಗಿ ಮಾತ್ರ ಬರುತ್ತಿದ್ದ ಹಳೇ ಮೇಷ್ಟ್ರು ಗಾಜಿನ ತೊಟ್ಟಿಯ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು.

ಸದ್ದು ಬರುತ್ತಿದ್ದದ್ದು ಒಂದೇ ಚೌಕದಿಂದ. ಅಲ್ಲಿ ನಾಜೂಕಯ್ಯ ಕೂತಿದ್ದರು. ಬೆನ್ನ ಹಿಂದೆ ಹೂಕುಂಡ, ಪಕ್ಕದಲ್ಲಿ ದೀಪ.

"ಗದ್ದಲ ಆಗಬಾರದು ಅಂತ ಎಲ್ಲರನ್ನೂ ಮ್ಯೂಟ್ ಮಾಡಿದ್ದೇವೆ. ನೋಡಿ, ಎಷ್ಟು ಶಾಂತವಾಗಿದ್ದಾರೆ! ಎಂಥ ಶಿಸ್ತು!"

ಅವರು ಹೇಳುತ್ತಿದ್ದದ್ದು ರೋಗಿಗಳಿಗಲ್ಲ. ತರಗತಿ ನೋಡಲು ದಾನಿಗಳೂ ಬಂದು ಕೂತಿದ್ದರು. ಎಲ್ಲೋ ದೂರದ ನಾಡಿನವರು, ನಮ್ಮ ಮಾತು ಅರಿಯದವರು. ಅವರಿಗೆ ಅವರ ಭಾಷೆಯಲ್ಲಿ, ಇವರಿಗೆ ಇವರ ಭಾಷೆಯಲ್ಲಿ, ಕಷ್ಟಕಾಲದಲ್ಲಿ ಕೇಂದ್ರ ಹೇಗೆ ಎದೆಗುಂದದೆ ನಿಂತಿತು ಅಂತ ನಾಜೂಕಯ್ಯ ಬಾಯಾರುವ ತನಕ ಹೇಳಿದರು. ಟೀಚರಿಗೆ ಕೊನೆಯಲ್ಲಿ ಚೂರು ಹೊತ್ತು ಸಿಕ್ಕಿತು. ಅವಳು ಚೆಂಡಿನ ಚಿತ್ರ ತೋರಿಸಿ, "ಚೆಂಡು ಅನ್ನಿ" ಅಂದಳು. ಅಂದವರು ಯಾರು, ಬಿಟ್ಟವರು ಯಾರು, ದೇವರಿಗೇ ಗೊತ್ತು. ಮಾತು ಬಾರದವರ ಬಾಯಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಾತು ಹೆಚ್ಚಾದವನ ಕೈಗೆ ಕೊಟ್ಟ ಹಾಗಾಗಿತ್ತು.

ಹೀಗೆಯೇ ಒಂದು ತಿಂಗಳು ಹೋಯಿತು. ಅಕ್ಕ ಮೊದಮೊದಲು ತೆರೆಗೆ ಬೈದಳು. ಆಮೇಲೆ ಕೈಯಿಂದ ಬಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು. "ನೀರು" ಅನ್ನುತ್ತಿದ್ದವಳು ಲೋಟದ ಕಡೆ ಬೆರಳು ತೋರಿಸತೊಡಗಿದಳು. ಒಂದು ದಿನ ಬೆರಳನ್ನೂ ತೋರಿಸಲಿಲ್ಲ, ಬಾಯಾರಿ ಸುಮ್ಮನೆ ಕೂತಿದ್ದಳು.

ಕತ್ತರಿಗೆ ಭಯವಾಯಿತು. ಭಯ ಬಿದ್ದರೆ ಕೆಲವರು ಅಳುತ್ತಾರೆ; ಅವಳು ಜಗಳ ತೆಗೆಯುವವಳು. ತಾನೇ ಯಾಕೆ ಅಕ್ಕನನ್ನು ರೇಗಿಸಬಾರದು ಅನ್ನಿಸಿತು. ಊಟಕ್ಕೆ ಉಪ್ಪು ಹಾಕದೆ ಬಡಿಸಿದಳು. ಅಕ್ಕ ಉಂಡಳು. ಅಕ್ಕನ ಇಷ್ಟದ ಹೊದಿಕೆಯನ್ನು ಕಣ್ಣೆದುರೇ ಕತ್ತರಿಸಿ ಒರೆಸುವ ಬಟ್ಟೆ ಮಾಡಿದಳು. ಅಕ್ಕ ನೋಡಿದಳು.

"ಬಯ್ಯೇ!" ಅಂತ ಕತ್ತರಿ ಕೂಗಿದಳು. "ಕಣ್ಣು ಬಿಟ್ಕೊಂಡು ಏನ್ ನೋಡ್ತೀಯ? ನಿನ್ನ ಹೊದಿಕೆ ಹರಿದು ಹಾಕಿದೀನಿ, ಬಯ್ಯೇ ನನ್ನ! ಸೋಂಬೇರಿ ಅನ್ನು. ಮುಂಡಿ ಅನ್ನು. ಏನಾದ್ರೂ ಅನ್ನು!"

ಅಕ್ಕ ಎಡಗೈ ಚಾಚಿ ತಂಗಿಯ ಮಣಿಕಟ್ಟನ್ನು ಸವರಿದಳು. ಅಷ್ಟೆ.

ಕತ್ತರಿಗೆ ಆಗ ಗೊತ್ತಾಯಿತು. ಕಂಡಕ್ಟರನಿಗೆ ಬೈಯಬಹುದು, ಅವನು ಸರಿಸಮಾನ. ಉಣ್ಣಿಸುವ ಕೈಗೆ, ಒಳಲಂಗ ಬದಲಿಸುವ ಕೈಗೆ ಬೈಯುವುದು ಹೇಗೆ? ಬೈಗುಳಕ್ಕೂ ನಿಲ್ಲಲು ಸ್ವಂತ ನೆಲ ಬೇಕು. ಮಾರುಕಟ್ಟೆಗೆ ಮಾರುಕಟ್ಟೆಯನ್ನೇ ನಡುಗಿಸಿದ ಅಕ್ಕ ತನ್ನ ಮನೆಯಲ್ಲಿ, ತಾನು ಸಾಕಿದ ತಂಗಿಯ ಎದುರು ನೆಂಟರ ಮನೆಯ ಮುದುಕಿಯ ಹಾಗೆ ಮುದುಡಿ ಕೂತಿದ್ದಳು. ಆ ದಿನ ಕತ್ತರಿ ಹೊಲಿದ ಮಾಸ್ಕೆಲ್ಲ ಸೊಟ್ಟ ಬಂದವು.

ಬೀಗ ಒಂದೇ ಒಂದು ಸಲ ತೆರೆಯಿತು. ಅದೂ ನಾಜೂಕಯ್ಯನ ಕೃಪೆಯಿಂದಲೇ. ಆ ದಿನ ದಾನಿಗಳು ಹೆಚ್ಚು ಜನ ಬಂದಿದ್ದರು. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟುವ ಸದ್ದು ಅವರಿಗೆ ಕೇಳಿಸಬೇಕು ಅಂತ ನಾಜೂಕಯ್ಯನಿಗೆ ಆಸೆಯಾಯಿತು. ಮ್ಯೂಟ್ ತೆಗೆದರು. ಪಟಪಟ ಅಂತ ನಾಲ್ಕು ಚಪ್ಪಾಳೆ, ಯಾರದೋ ಮನೆಯ ನಾಯಿ ಬೊಗಳಿದ ಸದ್ದು, ಮೇಷ್ಟ್ರ ಮಗ್ಗಿಯ ಒಂದು ಸಾಲು. ಅದರ ಹಿಂದೆಯೇ ಕಂಡಕ್ಟರನ ಒಡಕು ದನಿ:

"ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ!"

ಕಿಟಕಿಯ ಕಡೆ ಮುಖ ಮಾಡಿದ್ದ ಅಕ್ಕ ಕುರ್ಚಿ ಕಿರುಗುಟ್ಟುವ ಹಾಗೆ ತಿರುಗಿದಳು.

"ಕೊಡಲ್ಲ ಕಣೋ! ಮೂಳ! ಕೊಡಲ್ಲ! ಏನ್ ಮಾಡ್ತೀಯೋ?"

ಕೊಡಲ್ಲ! ಇದು ಹೊಸ ಮಾತು. ಮಾಡ್ತೀಯೋ ಕೂಡ ಹೊಸದು. ಕಂಡಕ್ಟರ್ ತೊಡೆ ತಟ್ಟಿಕೊಂಡು ನಗುತ್ತಿದ್ದ. ನಾಜೂಕಯ್ಯನ ಮುಖದ ಇಸ್ತ್ರಿ ಕೆಟ್ಟಿತು. ಬೀಗ ಹಾಕಲು ತಡಕಾಡಿ ಗಾಬರಿಯಲ್ಲಿ ತಮ್ಮ ಬಾಯಿಗೇ ಹಾಕಿಕೊಂಡರು. ಅವರ ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲ. ಈಗ ಅವರೂ ತೊಟ್ಟಿಯ ಮೀನು. ಇತ್ತ ಅಕ್ಕ ಕಂಡಕ್ಟರನ ಕುಲಗೋತ್ರದ ಕಡೆ ಹೊರಳುತ್ತಿದ್ದಳು. ಕೊನೆಗೂ ಎಲ್ಲರ ಬಾಯಿ ಮುಚ್ಚಿ ತಮ್ಮದನ್ನು ತೆರೆದಾಗ ಒಬ್ಬ ದಾನಿ ಅವರನ್ನು ಏನೋ ಕೇಳಿದ. ಆಕೆ ಏನು ಹೇಳುತ್ತಿದ್ದಾರೆ ಅಂತ ಕೇಳಿರಬೇಕು. ನಾಜೂಕಯ್ಯ ಎದೆಯ ಮೇಲೆ ಕೈಯಿಟ್ಟು, ಕಣ್ಣು ಅರೆ ಮುಚ್ಚಿ, ತಲೆಬಾಗಿ ಉತ್ತರ ಕೊಟ್ಟರು. ಭಾಷೆ ಬಾರದಿದ್ದರೂ ಕತ್ತರಿಗೆ ಆ ಅಭಿನಯ ಅರ್ಥವಾಯಿತು: ಅಕ್ಕನ ಬೈಗುಳ ಅವರ ಬಾಯಲ್ಲಿ ಧನ್ಯವಾದವಾಗಿತ್ತು. ಆ ದಾನಿಯೂ ಕೂಡಲೇ ಅಕ್ಕನಿಗೆ ಕೈಮುಗಿದ.

ಮರುದಿನ ಫೋನಿಗೆ ಒಂದು ಸೂಚನೆ ಬಂತು: ತರಗತಿಯಲ್ಲಿ ಸೌಮ್ಯ ನುಡಿ ಬಳಸತಕ್ಕದ್ದು, ತಪ್ಪಿದವರಿಗೆ ತಾತ್ಕಾಲಿಕ ವಿಶ್ರಾಂತಿ. ಕೆಳಗೆ, ಅಕ್ಕನಿಗೆ ಈ ತಿಂಗಳಿನಿಂದಲೇ ವಿಶ್ರಾಂತಿ ಅಂತಲೂ ಇತ್ತು.

ಕತ್ತರಿ ಫೋನ್ ಮಾಡಿದಳು.

"ನಮಸ್ಕಾರ ಅಮ್ಮಾ, ಹೇಗಿದ್ದೀರಿ? ಎಲ್ಲ ಕ್ಷೇಮವೇ? ಮಾಸ್ಕ್ ತಲುಪಿತೇ?"

"ತಲುಪಿತು. ಮಿಷನ್ ಒರೆಸ್ತಾ ಇದೀನಿ. ನನ್ನ ಅಕ್ಕನಿಗೆ ವಿಶ್ರಾಂತಿ ಯಾಕ್ರೀ?"

"ಅಮ್ಮಾ, ಹಾಗಲ್ಲ. ನೋಡಿ, ದಾನಿಗಳ ಮುಂದೆ ಅಂಥ ಮಾತು ಬಂದರೆ..."

"ಅವಳಿಗೆ ಬರೋದೇ ಅಂಥ ಮಾತು. ಅದನ್ನ ಹಿಡ್ಕೊಂಡೇ ಉಳಿದ ಮಾತು ತರಬೇಕು ಅಂತ ನಿಮ್ಮ ಟೀಚರೇ ಹೇಳಿದ್ದು. ನಿನ್ನೆ ಎರಡು ಹೊಸ ಮಾತು ಬಂತು, ನಿಮಗೆ ಕೇಳಿಸ್ಲಿಲ್ವ?"

"ಕೇಳಿಸಿತು, ಕೇಳಿಸಿತು. ಎಲ್ಲರಿಗೂ ಕೇಳಿಸಿತು," ಅಂದರು ನಾಜೂಕಯ್ಯ ನೊಂದ ದನಿಯಲ್ಲಿ. "ಧನ್ಯವಾದ ಅಂತ ಒಂದು ಮಾತು ಕಲಿಸಿ ಅಮ್ಮಾ. ಎಷ್ಟು ಚಂದದ ಪದ. ಅದೊಂದು ಬಂದರೆ ಆಕೆಯನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತೇವೆ."

"ಧನ್ಯವಾದ! ಹುಟ್ಟಿದಾಗಿಂದ ಅವಳು ಅದನ್ನ ಯಾರಿಗೂ ಹೇಳಿಲ್ಲ ಕಣ್ರೀ. ಇಲ್ಲದ ಸಾಮಾನು ಕಳೆದುಹೋಗಿದೆ ಅಂತ ಹುಡುಕ್ಲಾ? ಆ ಕಂಡಕ್ಟರನ್ನೂ ಅಕ್ಕನ್ನೂ ಇಬ್ಬರನ್ನೇ ಬಾಯಿ ಬಿಚ್ಚಿ ಬಿಡಿ, ಅರ್ಧ ಗಂಟೆ. ನೀವೂ ಬೇಡ, ನಿಮ್ಮ ಹೂಕುಂಡಾನೂ ಬೇಡ."

"ಅದು ನಮ್ಮ ಹೊಸ ಸೇವಾ ರೂಪದಲ್ಲಿ ಬರೋದಿಲ್ಲ ಅಮ್ಮಾ."

ಆಮೇಲೆ ಟೀಚರಿಗೂ ಫೋನ್ ಹೋಯಿತು. ಆ ಹುಡುಗಿ ಪಿಸುಗುಟ್ಟಿದಳು. "ನಾನೇನು ಮಾಡ್ಲಿ ಅಕ್ಕಾ, ಮ್ಯೂಟು ಅವರ ಕೈಯಲ್ಲಿದೆ. ಹೇಳಿ ನೋಡಿದೆ. ಬೇಡ ಅಂದ್ರು. ನನ್ನ ಕೆಲಸ..."

"ನಿನ್ನ ಬಾಯಿಗೂ ಬೀಗ ಹಾಕಿದಾರಾ? ನಿನಗೇನು ಪಾರ್ಶ್ವವಾಯು ಬಡಿದಿದೆಯಾ?" ಅಂದು ಕತ್ತರಿ ಫೋನ್ ಕುಕ್ಕಿದಳು.

ಫೋನಿನ ಗಾಜು ಬಿರುಕುಬಿಟ್ಟಿತು. ಅದನ್ನು ಶಪಿಸುತ್ತ ಹಿತ್ತಲಿಗೆ ಹೋದವಳ ಕಾಲಿಗೆ ಏನೋ ತಗುಲಿತು. ಅಕ್ಕನ ತಳ್ಳುಗಾಡಿಯ ಚಕ್ರ. ಟಾರ್ಪಾಲು ಹೊದ್ದು, ಮೇಲೆ ಬೆಕ್ಕು ಮಲಗಿಸಿಕೊಂಡು ಅದೂ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಊರಲ್ಲಿ ಆಗ ಕಾರು ಬಿಡುತ್ತಿರಲಿಲ್ಲ, ಸ್ಕೂಟರ್ ಬಿಡುತ್ತಿರಲಿಲ್ಲ, ಬರಿಗೈಲಿ ನಡೆಯುವವರನ್ನೂ ಬಿಡುತ್ತಿರಲಿಲ್ಲ. ಬೆಳಗಿನ ಹೊತ್ತು ತರಕಾರಿಯ ಗಾಡಿಗೆ ಮಾತ್ರ ಅಡ್ಡಿ ಇರಲಿಲ್ಲ.

ಕತ್ತರಿ ಬೆಕ್ಕನ್ನು ಎಬ್ಬಿಸಿದಳು.

ಮರುದಿನ ಬೆಳಿಗ್ಗೆ ಗಾಡಿಯ ನಡುವೆ ದಿಂಬು ಹಾಕಿ ಅಕ್ಕನನ್ನು ಕೂರಿಸಿ, ಸುತ್ತ ಟೊಮೆಟೊ, ಬೀನ್ಸ್, ಈರುಳ್ಳಿ ಜೋಡಿಸಿದಳು. ಇಬ್ಬರ ಮುಖಕ್ಕೂ ಗಟ್ಟಿ ದಾರದ ಮಾಸ್ಕು. ತನ್ನ ಗಾಡಿಯ ಮೇಲೆ ತಾನೇ ಸರಕಾಗಿ ಕೂತ ಅಕ್ಕ ಹಲಗೆಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ತಿರುವಿನಲ್ಲಿ ಪೇದೆ ಲಾಠಿ ಅಡ್ಡ ಹಿಡಿದ.

"ಏನಮ್ಮ ಇದು? ಏನ್ ಮಾರ್ತಿದ್ದೀಯ?"

"ಅಕ್ಕನ್ನ. ತಗೋತೀಯಾ? ಕೆ.ಜಿ ಲೆಕ್ಕದಲ್ಲಿ ಕೊಡಲ್ಲ, ಇಡಿಯಾಗಿ ತಗೋಬೇಕು."

ಪೇದೆ ಅಕ್ಕನನ್ನು ನೋಡಿದ. ಬಹುಶಃ ಎಂದೋ ಅವಳ ಗಾಡಿಯಲ್ಲಿ ಟೊಮೆಟೊ ಹಿಸುಕಿ ಬೈಸಿಕೊಂಡಿದ್ದವನಿರಬೇಕು. ಲಾಠಿ ಕೆಳಗಿಳಿಸಿ ಎರಡು ಹೆಜ್ಜೆ ಹಿಂದೆ ಸರಿದ.

ಕಂಡಕ್ಟರನ ಮನೆಯ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಗೆ ಗಾಡಿ ನಿಂತಿತು. ಅವನ ಸೊಸೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಗೆ ಬಂದಳು.

"ಅಯ್ಯೋ, ಹತ್ತಿರ ಬರಬೇಡಿ. ಏನಾದ್ರೂ ತಗುಲಿದ್ರೆ?"

"ಬರಲ್ಲ. ನಮ್ಮ ಅಕ್ಕನ ಬೈಗುಳ ರಸ್ತೆ ದಾಟುತ್ತೆ, ಕಾಯಿಲೆ ದಾಟಲ್ಲ. ನಿಮ್ಮ ಮಾವನ್ನ ಜಗಲಿಗೆ ಕರ್ಕೊಂಡು ಬಾ."

"ಅವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರೆ ಕಣಮ್ಮ. ಚಿಲ್ಲರೇನೂ ಕೇಳ್ತಾ ಇಲ್ಲ."

"ಕುರ್ಚಿಯವಳು ಬಂದಿದಾಳೆ ಅನ್ನು."

ಅವನು ಬಂದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಿತ್ತು. ಜಗಲಿಯ ಕಂಬ ಹಿಡಿದು ರಸ್ತೆಯಾಚೆ ಗಾಡಿಯ ಮೇಲೆ ಸಿಂಹಾಸನ ಹಾಕಿಕೊಂಡು ಕೂತ ಅಕ್ಕನನ್ನು ನೋಡಿದ. ನೋಡಿ ನೋಡಿ ಕಣ್ಣು ಒರೆಸಿಕೊಂಡ. ಆಮೇಲೆ ಎದೆಯುಬ್ಬಿಸಿ, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ: "ಮುಂದೆ ಹೋಗೀ!"

"ಹೋಗಲ್ಲ ಕಣೋ ಮೂಳ!"

ಎದುರು ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ತಿಂಗಳುಗಟ್ಟಲೆ ಮನುಷ್ಯರ ಜಗಳವನ್ನೇ ಕೇಳದೆ ಬೀದಿ ಒಣಗಿಹೋಗಿತ್ತು. ಮಹಡಿಯ ಮೇಲಿಂದ ಒಬ್ಬಳು, "ಬಿಡಬೇಡಮ್ಮಾ, ಇನ್ನೊಂದು ಹಾಕು!" ಅಂದಳು. ಇನ್ನೊಬ್ಬಳು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಈರುಳ್ಳಿ ಕೇಳಿದಳು.

ಅಲ್ಲಿಂದ ಅದು ರೂಢಿಯಾಯಿತು. ಒಂದು ವಾರ ಬಿಟ್ಟು ಟೀಚರೂ ಮಾಸ್ಕ್ ಹಾಕಿಕೊಂಡು, ಅಕ್ಕಪಕ್ಕ ನೋಡುತ್ತ, ಕಳ್ಳಿಯ ಹಾಗೆ ಬಂದು ಲೈಟು ಕಂಬದ ಪಕ್ಕ ನಿಂತಳು. ಕತ್ತರಿ ಅವಳನ್ನು ಮಾತಾಡಿಸಲಿಲ್ಲ, ಓಡಿಸಲೂ ಇಲ್ಲ. ಟೀಚರ್ ರಸ್ತೆಯ ನಡುವೆ ನಿಂತು ಜಗಳಕ್ಕೆ ತುಪ್ಪ ಸುರಿಯುವಳು: "ಅಮ್ಮಾ, ಅವರು ನಿಮ್ಮ ಬೀನ್ಸ್ ಕೊಳೆತಿದೆ ಅಂತಿದ್ದಾರೆ!" ಅಕ್ಕ ಬೀನ್ಸ್ ಎತ್ತಿ ಆಡಿಸಿ, "ಹಸಿ! ಹಸಿ ಬೀನ್ಸ್ ಕಣೋ ಕುರುಡ!" ಅನ್ನುವಳು. ಹೀಗೆ ಬೀನ್ಸ್ ಬಂತು. ಕಂಡಕ್ಟರನ ಬಾಯಿಗೂ ಒಂದು ದಿನ ಮೂರನೆಯ ಮಾತು ಬಂತು. ಅದು "ಮೂಳಿ". ಸೊಸೆ ಸಂತೋಷದಿಂದ ಅತ್ತೇಬಿಟ್ಟಳು.

ಆದರೆ ಮನೆಗೆ ಬಂದರೆ ಅಕ್ಕ ಮತ್ತೆ ಅದೇ ನೆಂಟರ ಮುದುಕಿ. ತಂಗಿಯ ಎದುರು ಒಂದು ಮಾತಿಲ್ಲ. ಬೀದಿಯಲ್ಲಿ ಯಾರಾದರೂ ಅಕ್ಕನನ್ನು ಏನಾದರೂ ಕೇಳಿದರೂ ಅವಳ ಬಾಯಿ ಚಲಿಸುವ ಮುಂಚೆ ಕತ್ತರಿಯೇ ಉತ್ತರ ಕೊಟ್ಟು ಮುಗಿಸುತ್ತಿದ್ದಳು. ಟೀಚರ್ ಕಣ್ಣುಸನ್ನೆ ಮಾಡುತ್ತಿದ್ದಳು. ಹತ್ತಿ ಹೇಳಿದರೆ ಕತ್ತರಿ ಕೇಳುತ್ತದೆಯೇ?

ಈ ಸುದ್ದಿ ನಾಜೂಕಯ್ಯನಿಗೆ ಮುಟ್ಟದೆ ಇರುತ್ತದೆಯೇ? ಮಹಡಿಯ ಹೆಂಗಸು ಯಾರಿಗೋ ವಿಡಿಯೊ ಕಳಿಸಿ, ಅದು ಕೈಯಿಂದ ಕೈಗೆ ಹೋಗಿ, ಬೀದಿಯಲ್ಲಿ ಜಗಳವಾಡಿ ಮಾತು ಗಳಿಸಿದ ರೋಗಿಗಳು ಅಂತ ಊರೆಲ್ಲ ನೋಡಿತ್ತು. ಒಂದು ಬೆಳಿಗ್ಗೆ ಗಾಡಿ ಕಂಡಕ್ಟರನ ಬೀದಿಗೆ ತಿರುಗಿದರೆ, ಅಲ್ಲಿ ಆಗಲೇ ಬಟ್ಟೆಯ ಫಲಕ ಕಟ್ಟಿತ್ತು: 'ಕೇಂದ್ರದ ವಿನೂತನ ಸೇವೆ: ಮನೆ ಬಾಗಿಲಿಗೆ ಸಂವಾದ'. ಅದರ ಕೆಳಗೆ ನಾಜೂಕಯ್ಯ. ಒಂದು ಕೈಯಲ್ಲಿ ಉದ್ದ ಕೋಲಿಗೆ ಸಿಕ್ಕಿಸಿದ ಫೋನು. ತಲೆ ತಗ್ಗಿಸಿ ಲೈಟು ಕಂಬಕ್ಕೆ ಅಂಟಿಕೊಂಡ ಟೀಚರ್.

"ಬನ್ನಿ ಬನ್ನಿ! ಇವರೇ ನಮ್ಮ ಫಲಾನುಭವಿ," ಅಂದರು ನಾಜೂಕಯ್ಯ ಫೋನಿಗೆ, ಎರಡೂ ಭಾಷೆಯಲ್ಲಿ. ಮತ್ತೆ ಅದರಲ್ಲಿ ದಾನಿಗಳಿದ್ದರು. "ಕೇಂದ್ರ ಸಂಕಷ್ಟದಲ್ಲಿ ಬೀದಿಗಿಳಿದು ಸೇವೆ ಮಾಡುತ್ತಿರುವುದನ್ನು ತಾವೇ ನೋಡಿ."

ವಿಶ್ರಾಂತಿ ಕೊಟ್ಟವನೇ ಈಗ ವಾರಸುದಾರ. ಯಾರೋ ಹೆತ್ತ ಕೂಸನ್ನು ಎತ್ತಿಕೊಂಡು ಹೆಸರಿಡಲು ಬಂದ ಹಾಗೆ. ಕತ್ತರಿ ಗಾಡಿ ನಿಲ್ಲಿಸಿ ಮಾಸ್ಕ್ ಸರಿಮಾಡಿಕೊಂಡಳು. ಅವಳ ಬಾಯಲ್ಲಿ ಮಾತು ಮಸೆದು ಸಿದ್ಧವಾಗುತ್ತಿತ್ತು.

ನಾಜೂಕಯ್ಯ ಗಾಡಿಯ ಪಕ್ಕಕ್ಕೆ ಬಂದರು. ಚಿತ್ರ ಚಂದ ಬರಲಿ ಅಂತಲೋ ಏನೋ, ಒಂದು ಟೊಮೆಟೊ ಕೈಗೆತ್ತಿಕೊಂಡರು. ಅದನ್ನು ಹಿಸುಕುತ್ತ ಅಕ್ಕನ ಮುಖಕ್ಕೆ ಫೋನ್ ಹಿಡಿದು, ಮಕ್ಕಳನ್ನು ಮಾತಾಡಿಸುವ ದನಿಯಲ್ಲಿ ಅಂದರು: "ಅಮ್ಮಾ, ಕೇಂದ್ರದ ಬಗ್ಗೆ ಒಂದೆರಡು ಮಾತು. ಧ-ನ್ಯ-ವಾ-ದ. ಎಲ್ಲಿ, ಹೇಳಿ ನೋಡೋಣ?"

"ನಾನು ಹೇಳ್ತೀನಿ ಕೇಳ್ರೀ, ನಿಮ್ಮ ಕೇಂದ್ರದ ಬಗ್ಗೆ..." ಅಂತ ಕತ್ತರಿ ಬಾಯಿ ತೆರೆದಳು.

"ಸುಮ್ನಿರೇ!"

ಕತ್ತರಿ ತಿರುಗಿದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು. "ಸುಮ್ನಿರೇ... ಮುಂಡಿ."

ಕತ್ತರಿಯ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಮಸೆದ ಮಾತೆಲ್ಲ ಗಂಟಲಲ್ಲೇ ಮೊಂಡಾಯಿತು. ಗಾಡಿಯ ಹಿಡಿ ಹಿಡಿದುಕೊಂಡು, ಬಾಯಿ ಮುಚ್ಚಿ, ಅವಳು ಸುಮ್ಮನಾದಳು.

ಅಕ್ಕ ಈಗ ನಾಜೂಕಯ್ಯನ ಕಡೆ ತಿರುಗಿದಳು. ಮುಖವನ್ನಲ್ಲ, ಅವರ ಕೈಯಲ್ಲಿದ್ದ ಟೊಮೆಟೊವನ್ನು ನೋಡಿದಳು. ಮಾಸ್ಕಿನ ಒಳಗೆ ಅವಳ ತುಟಿ ಹುಡುಕತೊಡಗಿತು. ಗಂಟಲು ಏರಿತು, ಇಳಿಯಿತು. ಹಣೆಯಲ್ಲಿ ಬೆವರು ಬಂತು. ಜಗಲಿಯ ಮೇಲೆ ಕಂಡಕ್ಟರ್ ಕೂಡ ಚಿಲ್ಲರೆ ಕೇಳಲಿಲ್ಲ. ಮಹಡಿಯ ಬುಟ್ಟಿ ಅರ್ಧಕ್ಕೆ ಇಳಿದು ಅಲ್ಲೇ ತೂಗುತ್ತಿತ್ತು. ಅಕ್ಕನಿಗೆ ಬೇಕಾದ ಮಾತು ಏನೆಂದು ಕತ್ತರಿಗೆ ಗೊತ್ತಿತ್ತು. ಅದು ನಾಲಿಗೆಯ ತುದಿಗೇ ಬಂದು ಕೂತಿತ್ತು. ಅವಳು ಹಲ್ಲು ಕಚ್ಚಿಕೊಂಡಳು.

"ತಗೋ..." ಅಂದಳು ಅಕ್ಕ. ನಿಂತಳು. ಉಸಿರು ಎಳೆದುಕೊಂಡಳು. "ತಗೋಳೋದಿದ್ರೆ... ತಗೋ."

ನಾಜೂಕಯ್ಯ ನಗುತ್ತ ಫೋನನ್ನು ಇನ್ನೂ ಹತ್ತಿರ ತಂದರು.

"ಇಲ್ಲಾಂದ್ರೆ," ಅಂದಳು ಅಕ್ಕ. ಆಮೇಲಿನದು ಒಂದೇ ಉಸಿರಿಗೆ, ಪಕ್ಕದ ಬೀದಿಯವರೂ ಚೀಲ ಹುಡುಕುವ ಹಾಗೆ ಬಂತು: "ಜಾಗ ಬಿಡೋ!"

ಟೊಮೆಟೊ ಗಾಡಿಗೆ ವಾಪಸಾಯಿತು. ನಾಜೂಕಯ್ಯನೂ ಒಂದು ಕಡೆಗೆ ಸರಿದರು. ಬೈಗುಳಕ್ಕಲ್ಲದಿದ್ದರೂ, ಆ ಗಂಟಲಿಗೆ ಸರಿಯದ ಮನುಷ್ಯನಿಲ್ಲ. ಕಿಟಕಿಗಳಿಂದ ಬಿದ್ದ ಚಪ್ಪಾಳೆಯನ್ನು ಅವರು ಫೋನಿಗೆ ತೋರಿಸುತ್ತ, ಎದೆಯ ಮೇಲೆ ಕೈಯಿಟ್ಟು, ಕಣ್ಣು ಅರೆ ಮುಚ್ಚಿ ತಲೆಬಾಗುತ್ತಿದ್ದದ್ದು ಕತ್ತರಿಯ ಕಣ್ಣಿಗೆ ಬಿತ್ತು. ಇವತ್ತೂ ಅದು ಧನ್ಯವಾದವೇ ಆಯಿತು ಅಂತ ಕಾಣುತ್ತದೆ. ಆಗಲಿ. ಹಿಸುಕಿದ ಟೊಮೆಟೊವನ್ನು ಯಾರೂ ಕೊಳ್ಳುವುದಿಲ್ಲ, ಅದನ್ನು ಎತ್ತಿ ಮೋರಿಗೆ ಎಸೆಯೋಣ ಅಂತ ಅವಳು ಬಗ್ಗಿದಳು. ಅಷ್ಟರಲ್ಲಿ ಬೆನ್ನ ಮೇಲೆ ಅಕ್ಕನ ಎಡಗೈಯ ಗುದ್ದು ಬಿತ್ತು.

"ತಳ್ಳೇ," ಅಂದಳು ಅಕ್ಕ. "ಸೋಂಬೇರಿ."

ಕತ್ತರಿ ಗಾಡಿ ತಳ್ಳಿದಳು.